ಶೇಕಡಾ ಅರವತ್ತೊಂದು

ಬೈತಖೋಲ ಬಿಟ್ಟು ಎರಡನೇ ರಾತ್ರಿ
ಬೋಟಿನ ಇನ್ವರ್ಟರ್ ಒಮ್ಮೆ ಕೆಮ್ಮಿತು,
ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.
ತಾಂಡೇಲ ದತ್ತಾರಾಮ ಬಾನಾವಳಿಕರ
ಚಪ್ಪಲಿಯಿಂದ ಅದಕ್ಕೆ ಎರಡೇಟು ಹಾಕಿ
"ಮುಗೀತು ಇದರ ಕತೆ" ಅಂದ.

ನನ್ನ ತೊಡೆಯ ಮೇಲೆ
ಗ್ರೀನ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ಕೊಂಡ ಹಳೆಯ ಲ್ಯಾಪ್‌ಟಾಪು.
ಒಳಗೆ ಲಿನಕ್ಸ್. ಮೂಲೆಯಲ್ಲಿ ಒಂದು ಅಂಕಿ: ಅರವತ್ತೊಂದು.
ದಡಕ್ಕೆ ಇನ್ನೂ ಏಳು ತಾಸು. ಬಲೆ ಇನ್ನೂ ಮೂರು ಸಲ.
ಪ್ರತಿ ಸಲವೂ ಬರೆಯಬೇಕು:
ಶೆಟ್ಲಿ ಎಷ್ಟು, ಲೆಪ್ಪೆ ಎಷ್ಟು, ಮಾಣಕಿ ಎಷ್ಟು,
ನೀರು ಎಷ್ಟು ಬೆಚ್ಚಗೆ.
ಸರ್ವೆ ಕೆಲಸ, ದಿನಗೂಲಿ.
ಬರೆಯದ ಬಲೆಗೆ ಕೂಲಿಯಿಲ್ಲ.

ಬ್ಯಾಟರಿಯನ್ನು ಕೇಳಿದೆ, ಮುಚ್ಚುಮರೆ ಮಾಡಲಿಲ್ಲ:
ಹುಟ್ಟಿದಾಗ ಐವತ್ತೇಳು ವ್ಯಾಟ್-ತಾಸು,
ಈಗ ಹೊಟ್ಟೆ ಬಿರಿಯೆ ತುಂಬಿದರೂ ಮೂವತ್ತೊಂದು.
ಈ ಕ್ಷಣ ಕುಡಿಯುತ್ತಿರುವುದು ಒಂಬತ್ತು ವ್ಯಾಟು.
ಹೀಗೇ ಕುಡಿದರೆ ಆಯುಷ್ಯ ಎರಡು ತಾಸು.

ತಾಂಡೇಲ ಐಸಿನ ಖಣದ ಮುಚ್ಚಳದ ಮೇಲೆ ಕೂತಿದ್ದ,
ತನ್ನ ತೂಕವನ್ನೇ ಬೀಗ ಮಾಡಿ.
"ಐಸು ಬಿಸಿಲಿಗೆ ಕರಗೂದಿಲ್ಲ ಗಾ.
ಇದೆಯೋ ಇಲ್ಲವೋ ಅಂತ ಗಳಿಗೆಗೊಮ್ಮೆ ಇಣುಕ್ತೀರಲ್ಲ,
ಅದಕ್ಕೆ ಕರಗ್ತದೆ."

ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ನಾನೂ ವಿಚಾರಿಸಿದೆ:
ಯಾರು ಇಣುಕುತ್ತಿದ್ದೀರಿ ಒಳಗೆ?
ಪಟ್ಟಿ ಬಂತು. ಸೆಕೆಂಡಿಗೆ ಆರುನೂರ ನಲವತ್ತು ಸಲ
ಮಲಗಲು ಹೊರಟ ಪ್ರೊಸೆಸರಿನ ಭುಜ ಹಿಡಿದು ಅಲುಗಿಸುವವರು.

ಬ್ಲೂಟೂತ್ ಒಂದು ಇಯರ್‌ಫೋನನ್ನು ಹುಡುಕುತ್ತಿತ್ತು;
ಅದು ಕೋಡಿಬಾಗದ ಮನೆಯ ಗೂಟದಲ್ಲಿ ನೇತಾಡುತ್ತಿದೆ.
ವೈಫೈ ನಡುಗಡಲಿನಲ್ಲಿ ನಿಂತು
ಯಾರಾದರೂ ಇದ್ದೀರಾ, ಇದ್ದೀರಾ ಎಂದು ಕೂಗುತ್ತಿತ್ತು.
ಕಡತ ಎಣಿಸುವ ಕಾರಕೂನನೊಬ್ಬ
ನಿನ್ನೆ ಎಣಿಸಿದ್ದನ್ನೇ ಇವತ್ತೂ ಎಣಿಸುತ್ತಿದ್ದ.
ನಾನು ಯಾವತ್ತೂ ಕೊಳ್ಳದ ಪ್ರಿಂಟರಿಗಾಗಿ
ಒಬ್ಬ ಬಾಗಿಲು ಕಾಯುತ್ತಿದ್ದ, ಪಾಪ, ಮೂರು ವರ್ಷದಿಂದ.

ಒಬ್ಬೊಬ್ಬರನ್ನೇ ಮನೆಗೆ ಕಳಿಸಿದೆ.
ಬ್ರೌಸರಿನ ಹದಿನೇಳು ಕಿಟಕಿ ಮುಚ್ಚಿದೆ,
ಓದುತ್ತೇನೆ ಅಂದುಕೊಂಡು ಓದದೇ ಇದ್ದವು.
ಪ್ರೊಸೆಸರಿಗೆ ಹೇಳಿದೆ: ಓಡಬೇಡ, ನಡೆ.
ಪರದೆಯ ಬೆಳಕನ್ನು ಇಳಿಸಿ ಇಳಿಸಿ
ಅಂಕಿಗಳ ಹಿಂದೆ ನನ್ನದೇ ಗಡ್ಡ ಕಾಣುವಷ್ಟು ಇಳಿಸಿದೆ.
ಒಂಬತ್ತು ಆರಾಯಿತು, ಆರು ನಾಲ್ಕಾಯಿತು,
ಮೂರೂ ಮುಕ್ಕಾಲಿಗೆ ನಿಂತಿತು.

ಪಟ್ಟಿಯಲ್ಲಿ ಇನ್ನೊಂದು ಸಾಲು ಉಳಿದಿತ್ತು.
ಪೆನ್‌ಡ್ರೈವು. ಕಾಲು ವ್ಯಾಟು.
ಅದು ಉಲ್ಲಾಸನದು, ಬಲೆ ಎಳೆಯುವ ಹುಡುಗ, ಹತ್ತೊಂಬತ್ತು.
ಮಾಜಾಳಿಯಲ್ಲಿ ಅಣ್ಣನ ಮದುವೆಯಾದ ದಿನ
ಅವನು ಇದೇ ಬೋಟಿನಲ್ಲಿ ಇದೇ ಹಗ್ಗ ಹಿಡಿದಿದ್ದನಂತೆ.
"ಹನ್ನೊಂದು ನಿಮಿಷ ಸರ್. ಮೊಬೈಲಿಗೆ ಇದು ಹೊಂದೂದಿಲ್ಲ."
ಬಲೆ ಮುಗಿಯಲಿ ಅಂದಿದ್ದೆ ಸಂಜೆ.
ಕೀಳಲು ಬೆರಳು ಹೋಯಿತು.
ನೀಲಿ ಚುಕ್ಕೆ ಮಿಣುಕಿತು, ಮತ್ತೆ ಮಿಣುಕಿತು.
ಬೆರಳು ವಾಪಸು ಬಂತು.

ಬಲೆಗೂ ಬಲೆಗೂ ನಡುವೆ ಲ್ಯಾಪ್‌ಟಾಪ್ ಮಡಚಿ
ನಾನೂ ಅದರ ಮೇಲೆ ಕೈಯಿಟ್ಟು ಕೂತೆ, ತಾಂಡೇಲನ ಹಾಗೆ.
ಎಷ್ಟಿದೆ ಎಂದು ನೋಡಬೇಕು ಅನ್ನಿಸುತ್ತಿತ್ತು.
ನೋಡಲಿಲ್ಲ.
ಒಮ್ಮೆ ನೋಡಿದೆ.

ಮೂರನೇ ಬಲೆಯ ಮಾಣಕಿ ನಲವತ್ತೆರಡು ಕಿಲೋ, ಬರೆದಾಯಿತು.
ದೇವಗಡದ ದೀಪಸ್ತಂಭ ಎಡಕ್ಕೆ ಸರಿಯುವಾಗ
ಮೂಲೆಯಲ್ಲಿ ಮೂರು ಉಳಿದಿತ್ತು.
ಹಗ್ಗದ ಸುರುಳಿಯಲ್ಲಿ ಮಲಗಿದ್ದವನನ್ನು ಎಬ್ಬಿಸಿದೆ.
ಪರದೆಯ ಬೆಳಕನ್ನು ಪೂರ್ತಿ ಏರಿಸಿದೆ, ದುಂದುಗಾರನ ಹಾಗೆ.

ತಾಂಡೇಲನೂ ಮುಚ್ಚಳ ಬಿಟ್ಟು ಎದ್ದು ಬಂದ.
ಬಾಸಿಂಗ. ಅಂತರಪಟ. ಅಕ್ಷತೆ ಹಿಡಿದ ಕೈಗಳು.
ಉಲ್ಲಾಸ ಒಬ್ಬೊಬ್ಬರ ಹೆಸರು ಹೇಳುತ್ತ ಹೋದ,
ಹಾಜರಿ ಕರೆಯುವ ಮಾಸ್ತರನ ಹಾಗೆ.
ಅಂತರಪಟ ಸರಿಯಿತು,
ಅಣ್ಣ ನಕ್ಕ, ಅತ್ತಿಗೆ ತಲೆ ಎತ್ತಿದಳು,
ಅಷ್ಟರಲ್ಲಿ ಪರದೆ ಕಪ್ಪಾಯಿತು.

ಯಾರೂ ಮಾತಾಡಲಿಲ್ಲ. ಇಂಜಿನಿನ ಸದ್ದು ಒಂದೇ.
"ಸಾಕು ಸರ್," ಅಂದ ಹುಡುಗ, ಪೆನ್‌ಡ್ರೈವ್ ಕಿತ್ತು ಜೇಬಿಗಿಳಿಸುತ್ತ,
"ಇದರ ಮುಂದೆ ಬರೀ ಊಟ."